ಎಳೆಬಿಸಿಲಿನ ಗಿರಾಕಿಗಳು

ಇಷ್ಟೆಲ್ಲಕ್ಕೂ ಮೂಲ ಒಂದು ಕೊಳಲು.

ಅದನ್ನು ಊದಿದವನು ಯಾರು, ಯಾವ ಊರವನು ಎಂಬುದು ಶಹಾಪುರದ ಶಾಂತಕುಮಾರನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನ ಮನೆ ಹುಡುಕಿಕೊಂಡು ಹೋಗಿ ಕೊಳಲನ್ನು ಒಲೆಗೆ ಹಾಕಿ ಬರುತ್ತಿದ್ದನೋ ಏನೋ. ಭಜನೆಯಲ್ಲಿ ಕೊಳಲು ಕೇಳಿದ್ದರೆ ಅವನು ತಲೆದೂಗುತ್ತಿದ್ದ. ಆದರೆ ಈ ಕೊಳಲು ಕೇಳಿಬಂದದ್ದು ‘ಕಾಳಗಂಟೆ’ಯ ಹೊಸ ಡಿಸ್ಕಿನ ಮೂರನೆಯ ಹಾಡಿನಲ್ಲಿ.

ಕಾಳಗಂಟೆ ಬೆಂಗಳೂರಿನ ಒಂದು ಮೆಟಲ್ ಬ್ಯಾಂಡು. ನಾಲ್ಕು ಜನ, ನಾಲ್ವರಿಗೂ ಬೆನ್ನ ಮೇಲೆ ಬೀಳುವ ಕೂದಲು, ಮೈತುಂಬ ಕಪ್ಪು ಬಟ್ಟೆ. ಅವರ ಗಿಟಾರು ಶುರುವಾದರೆ ಕಲ್ಲಿನ ಗಣಿಯಲ್ಲಿ ಯಂತ್ರ ಚಾಲೂ ಮಾಡಿದ ಹಾಗೆ. ಡ್ರಮ್ಮಿನ ಮೇಲೆ ಕೈಯಾಡುತ್ತಿದ್ದರೆ ತಗಡಿನ ಮೇಲೆ ಆಣೆಕಲ್ಲಿನ ಮಳೆ ಸುರಿದಂತೆ. ಹಾಡುವ ಲಕ್ಷ್ಮಿಕಾಂತನಂತೂ ಗಂಟಲಿನಿಂದ ಹಾಡುವುದಿಲ್ಲ, ಎಲ್ಲೋ ಹೊಕ್ಕುಳದ ಕೆಳಗಿನಿಂದ ಬಂಡೆಗಲ್ಲು ಎಳೆದು ತರುತ್ತಾನೆ.

ಇಂಥ ಸದ್ದಿಗೆ ಮರುಳಾದ ಶಾಂತಕುಮಾರ ಹೆಸರಿಗೆ ತಕ್ಕ ಹಾಗೆ ಶಾಂತ ಮನುಷ್ಯ. ಯಾದಗಿರಿ ರಸ್ತೆಯಲ್ಲಿರುವ ದೇವಿಂದ್ರಪ್ಪ ಸಾಹುಕಾರರ ಹತ್ತಿ ಗಿರಣಿಯಲ್ಲಿ ಕಾಟಾ ಗುಮಾಸ್ತ. ಬಂದ ಲಾರಿ, ಟ್ರ್ಯಾಕ್ಟರು ತೂಗಿ ಚೀಟಿ ಬರೆದುಕೊಡುವುದು ಅವನ ಕೆಲಸ. ಕಿರುಚದೆ ಮಾತೇ ಕೇಳಿಸದ ಆ ಗಿರಣಿಯಲ್ಲಿ ದನಿ ಎತ್ತದೆ ಇಷ್ಟು ವರ್ಷ ಕಳೆದವನು ಅವನೊಬ್ಬನೇ. ಒಂದು ಸಂಜೆ ಗಿರಣಿಯ ಎದುರಿಗಿನ ನಯೀಮನ ಮೈಕ್‌ಸೆಟ್ ಅಂಗಡಿಯಲ್ಲಿ ಹೊಸ ಸ್ಪೀಕರ್ ಪರೀಕ್ಷೆ ನಡೆದಿತ್ತು. ನಯೀಮ ಹಾಕಿದ್ದು ಕಾಳಗಂಟೆಯ ‘ಸುಟ್ಟ ಕೋಟೆ.’ ಚಹಾ ಕುಡಿಯಲು ಬಂದ ಶಾಂತಕುಮಾರ ಬಶಿ ಕೈಯಲ್ಲಿ ಹಿಡಿದುಕೊಂಡೇ ನಿಂತ. ತಾನು ಹುಟ್ಟಿದಾಗಿನಿಂದ ಆಡದೆ ಒಳಗೇ ಇಟ್ಟುಕೊಂಡ ಮಾತನ್ನೆಲ್ಲ ಯಾರೋ ಒಬ್ಬ ಒಂದೇ ಉಸಿರಿಗೆ ಕೂಗಿ ಹೇಳಿದಂತಾಯಿತು ಅವನಿಗೆ. ಚಹಾ ಆರಿಹೋಯಿತು. ಅವನು ಮಾತ್ರ ಆವತ್ತಿನಿಂದ ಆರಲಿಲ್ಲ.

ಇಡೀ ಜಿಲ್ಲೆಯಲ್ಲಿ ಕಾಳಗಂಟೆಗೆ ಇದ್ದ ಅಭಿಮಾನಿಗಳು ಇಬ್ಬರೇ, ಶಾಂತಕುಮಾರ ಮತ್ತು ನಯೀಮ. ಬ್ಯಾಂಡಿನ ಹೊಸ ಡಿಸ್ಕು ‘ಎಳೆಬಿಸಿಲು’ ಬಂದ ದಿನ ಆ ಇಬ್ಬರ ಬಳಗ ಒಡೆದು ಎರಡು ಬಣವಾಯಿತು. ನಯೀಮನ ತಾಯಿ ಹಜರಾಬೀ ಅಂಗಡಿಯ ಮುಂದೆಯೇ ಚಹಾದ ಡಬ್ಬಾ ಅಂಗಡಿ ಇಟ್ಟಿದ್ದಳು. ದಿನವೂ ಸಂಜೆ ಅಲ್ಲಿ ತಕರಾರು. ಕೋಟೆ ಸುಟ್ಟ ಗಂಡಸರು ಈಗ ಬೆಳಗಿನ ಬಿಸಿಲಿಗೆ ಜೋಗುಳ ಹಾಡುತ್ತಿದ್ದಾರೆ ಎಂದು ಶಾಂತಕುಮಾರ. ಮನುಷ್ಯನಾದವನು ದಿನಾಲೂ ಒಂದೇ ಊಟ ಉಣ್ಣುತ್ತಾನೇನು, ಬ್ಯಾಂಡೂ ಬೆಳೆಯಬೇಕು ಎಂದು ನಯೀಮ. ಬೆಳೆಯಲಿ, ಆದರೆ ಕೊಳಲು ಯಾಕೆ ಎಂದು ಶಾಂತಕುಮಾರ. ಅಷ್ಟಕ್ಕೂ ನಮ್ಮ ಕಡೆ ಎಳೆಬಿಸಿಲು ಎಂಬುದೇ ಇಲ್ಲ, ಸೂರ್ಯ ಹುಟ್ಟುವಾಗಲೇ ಮಧ್ಯಾಹ್ನ ಇರುತ್ತದೆ, ಈ ಡಿಸ್ಕು ಯಾರಿಗಾಗಿ ಎಂದು ಕೇಳುತ್ತಿದ್ದ.

ಹೀಗಿರುವಾಗ ಬ್ಯಾಂಡಿನವರು ತಮ್ಮ ಅಂತರ್ಜಾಲ ಪುಟದಲ್ಲಿ ಒಂದು ಮಾತು ಹಾಕಿದರು. ಡಿಸ್ಕು ಡಿಸ್ಕಿಗೂ ಮಾರಾಟ ಇಳಿಯುತ್ತಿದೆ, ಎಳೆಬಿಸಿಲನ್ನಂತೂ ಕೇಳುವವರೇ ಇಲ್ಲ, ಹೀಗೇ ಆದರೆ ಕಾಳಗಂಟೆಯನ್ನು ಇಳಿಸಿಡಬೇಕಾಗುತ್ತದೆ ಎಂದು. ಓದಿ ಹೇಳಿದ ನಯೀಮ ಕೊನೆಗೆ ಒಂದು ಮಾತು ಸೇರಿಸಿದ.

“ನಿನ್ನಂಥೋರಿಂದನೇ ಅವರು ಮುಳಗಾಕತ್ತಾರ ನೋಡು, ಶಾಂತಣ್ಣ.”

ಆ ಮಾತು ಮುಳ್ಳಿನಂತೆ ನೆಟ್ಟಿತು. ಶಾಂತಕುಮಾರ ಮನೆಗೆ ಹೋಗಿ ಫೋನು ತೆಗೆದು ಎಳೆಬಿಸಿಲು ತರಿಸಲು ಕೂತ. ಆದರೆ ಕೊಳಲಿನ ಡಿಸ್ಕನ್ನು ತನ್ನ ಹೆಸರಿಗೆ ತರಿಸುವುದು ಹೇಗೆ? ಮರ್ಯಾದೆಯ ಪ್ರಶ್ನೆ. ಗಿರಣಿಯಲ್ಲಿ ಹತ್ತಿ ಹಸನು ಮಾಡುವ ಮುದುಕಿ ಬಾಲಮ್ಮನ ಹೆಸರು ಹಾಕಿದ. ‘ಅಭಿಮಾನಿಗಳು ಎರಡು ಮಾತು ಬರೆಯಿರಿ’ ಎಂದು ಕೆಳಗೆ ಜಾಗ ಬಿಟ್ಟಿದ್ದರು. ‘ಈ ಹಾಡು ಕೇಳಿ ನನ್ನ ಮೊಣಕಾಲು ನೋವು ಹೋಯಿತು’ ಎಂದು ಬರೆದ. ಬರೆದದ್ದು ಅವನಿಗೇ ಇಷ್ಟವಾಯಿತು. ಮಾತೇ ಆಡದವನಿಗೆ ಬರೆಯುವ ರುಚಿ ಹತ್ತಿದರೆ ಕಷ್ಟ. ಓಣಿಯ ಕುರಿಗಾರ ಬೀರಣ್ಣನ ಹೆಸರಿನಲ್ಲಿ ಒಂದು, ಹಜರಾಬೀ ಹೆಸರಿನಲ್ಲಿ ಒಂದು, ಸಾಹುಕಾರರ ಹೆಸರಿನಲ್ಲಿ ಒಂದು, ಹಮಾಲರ ಹೆಸರಿನಲ್ಲಿ ಸಾಲಾಗಿ. ಪಗಾರ ಬಂದಾಗಲೊಮ್ಮೆ ಒಂದಿಷ್ಟು. ಹೆಂಡತಿ ಸುಮಲತಾ ಫ್ರಿಜ್ಜಿಗೆಂದು ಕೂಡಿಟ್ಟ ದುಡ್ಡು ಹೀಗೆ ಸದ್ದಿಲ್ಲದೆ ಕರಗಿತು.

ಡಿಸ್ಕುಗಳು ಕಾಟಾ ಕೋಣೆಗೆ ಬಂದು ಬಿದ್ದವು. ಶಹಾಪುರದಲ್ಲಿ ಈಗ ಡಿಸ್ಕು ಹಾಕುವ ಯಂತ್ರ ಯಾರ ಮನೆಯಲ್ಲಿದೆ? ಕಂಪನಿಯವರು ಪುಗಸಟ್ಟೆ ಹಂಚಿದ್ದಾರೆಂದು ಹೇಳಿ ಶಾಂತಕುಮಾರ ಕೇಳಿದವರಿಗೆಲ್ಲ ಕೊಟ್ಟುಬಿಟ್ಟ. ಬಾಲಮ್ಮ ಒಂದು ಮಡಿಲು ತುಂಬ ಒಯ್ದಳು.

ಇಷ್ಟು ಹಿಂದಿನ ಕತೆ. ಮುಂದಿನದೆಲ್ಲ ಒಂದೇ ದಿನದಲ್ಲಿ ನಡೆದದ್ದು.

ಫೆಬ್ರವರಿ ತಿಂಗಳು. ಹತ್ತಿಯ ಸುಗ್ಗಿ ಇಳಿಮುಖವಾಗಿತ್ತು. ಯಂತ್ರದ ಪಟ್ಟೆ ಹರಿದು ಗಿರಣಿ ಆವತ್ತು ನಿಂತಿತ್ತು. ಶಾಂತಕುಮಾರ ಒಂದು ಟ್ರ್ಯಾಕ್ಟರಿಗೆ ಚೀಟಿ ಬರೆಯುತ್ತಿದ್ದಾಗ ಫೋನು ಬಂತು. ಆ ಕಡೆಯದು ಮೆತ್ತಗಿನ ದನಿ, ದಕ್ಷಿಣದ ಕನ್ನಡ.

“ಶಾಂತಕುಮಾರ್ ಅವರಾ? ನಾನು ಕಾಳಗಂಟೆಯ ಲಕ್ಷ್ಮಿಕಾಂತ ಮಾತಾಡ್ತಿರೋದು.”

ಶಾಂತಕುಮಾರ ಎದ್ದು ನಿಂತ. ಟೊಪ್ಪಿಗೆ ಹಾಕುವ ಅಭ್ಯಾಸವಿದ್ದಿದ್ದರೆ ತೆಗೆಯುತ್ತಿದ್ದ. ಬಂಡೆಗಲ್ಲು ಎಳೆದು ತರುವ ಆ ಗಂಟಲು ತನ್ನ ಹೆಸರು ಹೇಳಿತೆಂಬುದನ್ನು ನಂಬಲು ಅವನಿಗೆ ಆಗಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವುದು ಮುಗಿದು ಮಾತು ಕೇಳಿಸತೊಡಗಿದಾಗ ಲಕ್ಷ್ಮಿಕಾಂತ ಹೇಳುತ್ತಿದ್ದ: ಬೆಂಗಳೂರು ಬಿಟ್ಟರೆ ಎಳೆಬಿಸಿಲು ಅತಿ ಹೆಚ್ಚು ಹೋಗಿರುವುದು ಶಹಾಪುರಕ್ಕೆ. ನೂರಾರು ಊರು ತಿರುಗಿದ್ದೇವೆ, ಇಂಥ ಊರು ಕಂಡಿಲ್ಲ. ಎಲ್ಲರಿಗೂ ನೀವೇ ತರಿಸಿಕೊಟ್ಟಿದ್ದೀರಿ ಎಂದು ಕಾಣುತ್ತದೆ, ಎಲ್ಲದರ ಮೇಲೂ ನಿಮ್ಮದೇ ಫೋನ್ ನಂಬರಿದೆ, ದುಡ್ಡೂ ನಿಮ್ಮ ಹೆಸರಿನ ಖಾತೆಯಿಂದಲೇ ಬಂದಿದೆ. ನಿನ್ನೆ ಹೈದರಾಬಾದಿನಲ್ಲಿ ಕಾರ್ಯಕ್ರಮವಿತ್ತು, ಈಗ ಹುಬ್ಬಳ್ಳಿಗೆ ಹೊರಟಿದ್ದೇವೆ, ದಾರಿಯಲ್ಲಿ ಎಲ್ಲರನ್ನೂ ಕಂಡು ಹೋಗಬೇಕು.

“ಅದರಲ್ಲೂ ಬಾಲಮ್ಮ ಅವರನ್ನ ನೋಡಲೇಬೇಕು. ಗುರುಮಠಕಲ್ ದಾಟಿದ್ದೀವಿ.”

ಶಾಂತಕುಮಾರನ ಬಾಯಿಂದ “ಬರ್ರಿ” ಎಂಬ ಒಂದೇ ಶಬ್ದ ಬಂತು. ಆಮೇಲೆ ನೋಡಿದರೆ ಟ್ರ್ಯಾಕ್ಟರಿನ ಚೀಟಿಯಲ್ಲಿ ತೂಕದ ಜಾಗದಲ್ಲಿ ತನ್ನದೇ ಫೋನ್ ನಂಬರು ಬರೆದಿದ್ದ.

ಅವನು ಓಡಿದ್ದು ನಯೀಮನ ಹತ್ತಿರ. ಎಲ್ಲವನ್ನೂ ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ನಯೀಮ ವೈರು ಸುತ್ತುವುದನ್ನು ನಿಲ್ಲಿಸಿ ಕೇಳಿದ. ಮೊದಲು ಅವನ ಹುಬ್ಬು ಏರಿತು, ಆಮೇಲೆ ಮೀಸೆಯ ಕೆಳಗೆ ಏನೋ ಅಲುಗಾಡಿತು, ಕೊನೆಗೆ ಸ್ಪೀಕರಿನ ಮೇಲೆ ತಲೆಯಿಟ್ಟು ನಕ್ಕ.

“ಹೊರಗ ಬೈತಿದ್ದಿ, ಒಳಗ ಗಿರಾಕಿ ಆಗಿದ್ದೇನು?”

“ಬ್ಯಾಂಡ್ ಉಳಿಲಿ ಅಂತ ಮಾಡೀನಪ್ಪ. ಡಿಸ್ಕಿಗೆ ಅಲ್ಲ.”

ನಕ್ಕು ಮುಗಿದ ಮೇಲೆ ನಯೀಮನಿಗೂ ಗಾಬರಿಯಾಯಿತು. ಬರುತ್ತಿರುವವರು ಕಾಳಗಂಟೆಯವರು. ಅವರಿಗೆ ನಿಜ ಗೊತ್ತಾದರೆ, ಬೆಂಗಳೂರಿನಾಚೆ ತಮಗೆ ಇರುವ ಗಿರಾಕಿ ಒಬ್ಬನೇ ಒಬ್ಬ ಗುಮಾಸ್ತ ಎಂದು ತಿಳಿದರೆ, ಆ ಕ್ಷಣವೇ ಗಂಟೆ ಇಳಿಸುತ್ತಾರೆ. ಇಬ್ಬರೂ ಬಣ ಮರೆತು ಒಂದಾದರು. ಜನರೇಟರು, ಮೈಕು ನನ್ನದು, ಜನರನ್ನು ಒಪ್ಪಿಸುವುದು ನಿನ್ನದು ಎಂದ ನಯೀಮ.

ಬಾಲಮ್ಮ ಗಿರಣಿಯ ಅಂಗಳದಲ್ಲಿ ಕಾಲು ಚಾಚಿ ಹತ್ತಿಯಲ್ಲಿನ ಕಸ ಆರಿಸುತ್ತಿದ್ದಳು. ಶಾಂತಕುಮಾರ ಕುಕ್ಕರುಗಾಲಲ್ಲಿ ಕೂತು ಪಾಠ ಹೇಳಿದ. ನಾಲ್ಕು ಮಂದಿ ಬರುತ್ತಾರೆ, ಹಾಡಿನವರು, ಮೊಣಕಾಲು ಕೇಳುತ್ತಾರೆ, ಅವರ ಹಾಡು ಕೇಳಿ ವಾಸಿಯಾಯಿತು ಎನ್ನಬೇಕು. ಮುದುಕಿ ಅವನ ಮುಖವನ್ನೇ ನೋಡಿದಳು.

“ಸುಳ್ಳ ಹೇಳ್ಬೇಕೇನೋ ತಮ್ಮ?”

“ಸುಳ್ಳಲ್ಲ ಆಯಿ, ಅಭಿಮಾನ. ಖಾಲಿ ಹೌದ್ರಿ ಅಂದ್ರ ಸಾಕು.”

ಬೀರಣ್ಣನಿಗೆ ಹೇಳಿದ್ದೇ ತಪ್ಪಾಯಿತು. ಕುರಿ ಹೊಡೆದುಕೊಂಡು ಹೊಲಕ್ಕೆ ಹೊರಟಿದ್ದ ಅವನು ಅರ್ಧ ಕೇಳಿಸಿಕೊಂಡು ಪೂರ್ತಿ ಕೆಲಸಕ್ಕೆ ಇಳಿಯುವ ಮನುಷ್ಯ. ಬೆಂಗಳೂರಿನಿಂದ ಹಾಡಿನವರು ಬರುತ್ತಾರೆಂಬುದು ಅವನ ಬಾಯಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಸಿನಿಮಾದವರಾಗಿ, ಅಡತಿ ಬಜಾರು ದಾಟುವಷ್ಟರಲ್ಲಿ ಶೂಟಿಂಗ್ ಆಗಿ, ಭೀಮರಾಯನಗುಡಿಯ ಕಾಲೇಜು ಹುಡುಗರಿಗೆ ಮುಟ್ಟುವಾಗ ನಾಯಕಿಯೂ ಬರುತ್ತಾಳೆಂದು ಆಗಿತ್ತು. ನೋಡನೋಡುತ್ತ ಗಿರಣಿಯ ಅಂಗಳ ತುಂಬಿತು. ಹಮಾಲರು, ಆಟೋದವರು, ಕೈಗೂಸು ಎತ್ತಿಕೊಂಡ ಹೆಂಗಸರು, ಬೀರಣ್ಣನ ಇಡೀ ಹಿಂಡು. ಕುರಿಗಳು ಯಾರ ಅಪ್ಪಣೆಯನ್ನೂ ಕೇಳದೆ ಹತ್ತಿಕಾಳಿನ ರಾಶಿಗೆ ಬಾಯಿ ಹಾಕಿದವು.

ಆಗಲೇ ದೇವಿಂದ್ರಪ್ಪ ಸಾಹುಕಾರರು ಬಂದರು. ರಾಶಿಯಲ್ಲಿ ಕುರಿ, ಗೋದಾಮಿನಲ್ಲಿ ಜನ, ಕಾಟಾದ ಮೇಲೆ ಜನರೇಟರು ಕಂಡು ಅವರ ಮುಖ ಮೆಣಸಿನಕಾಯಿಯಾಯಿತು. ಶಾಂತಕುಮಾರನ ನೌಕರಿ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೀರಣ್ಣ ಅಡ್ಡ ಬಂದು, ಸಿನಿಮಾದವರು ಸಾಹುಕಾರರನ್ನೇ ಹೆಸರು ಹಿಡಿದು ಕೇಳಿದ್ದಾರಂತೆ ಎಂದ. ಸಾಹುಕಾರರು ನೆಟ್ಟಗೆ ಮನೆಗೆ ಹೋಗಿ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದರು.

ವ್ಯಾನು ಬಂದು ನಿಂತಿತು. ನಾಲ್ವರೂ ಇಳಿದರು. ಫೋಟೋದಲ್ಲಿ ಕಂಡ ಕೂದಲು, ಫೋಟೋದಲ್ಲಿ ಕಂಡ ಕಪ್ಪು ಬಟ್ಟೆ, ಮುಖ ಮಾತ್ರ ದಾರಿಯ ಧೂಳಿನಿಂದ ಕೆಂಪು. ಎಲ್ಲರಿಗಿಂತ ಎತ್ತರದವನು ಲಕ್ಷ್ಮಿಕಾಂತ. ಅವನ ಕಣ್ಣು ಒದ್ದೆಯಾಗಿತ್ತು. ಅವನು ಶಾಂತಕುಮಾರನ ಎರಡೂ ಕೈ ಹಿಡಿದುಕೊಂಡ.

ಊರು ಇನ್ನೂ ದೂರವಿರುವಾಗಲೇ ನೋಡಿದೆವು ಎಂದ. ರಸ್ತೆಯ ಪಕ್ಕದ ಜೋಳದ ಹೊಲದಲ್ಲಿ, ಕೋಲುಕೋಲಿಗೂ ಎಳೆಬಿಸಿಲಿನ ಡಿಸ್ಕು ಕಟ್ಟಿದ್ದಾರೆ, ಬಿಸಿಲಿಗೆ ಥಳಥಳ ಹೊಳೆಯುತ್ತಿವೆ, ವ್ಯಾನು ನಿಲ್ಲಿಸಿ ನಾಲ್ವರೂ ಕೆಳಗಿಳಿದು ನೋಡುತ್ತ ನಿಂತೆವು ಎಂದ. ಅದು ಬಾಲಮ್ಮ ಗುಬ್ಬಿ ಓಡಿಸಲು ಕಟ್ಟಿದ್ದೆಂದು ಹೇಳುವ ಧೈರ್ಯ ಶಾಂತಕುಮಾರನಿಗೆ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಬೀರಣ್ಣನ ಹಿಂಡಿನ ಮುಂದಾಳು ಟಗರು ಕೊರಳಲ್ಲಿ ಒಂದು ಡಿಸ್ಕು ತೂಗಾಡಿಸಿಕೊಂಡು ನಡೆದು ಬಂತು. ಡ್ರಮ್ಮಿನವನು ಅದರ ಮುಂದೆ ಮೊಣಕಾಲೂರಿ ಫೋಟೋ ತೆಗೆದ. ಹಜರಾಬೀಯ ಡಬ್ಬಾದಲ್ಲಿ ಹಾಲಿನ ಪಾತ್ರೆಯ ಮೇಲೆ ಇನ್ನೊಂದು ಡಿಸ್ಕು ಮುಚ್ಚಳವಾಗಿತ್ತು. ಅದನ್ನು ಕಂಡು ಗಿಟಾರಿನವನು ಎದೆಯ ಮೇಲೆ ಕೈಯಿಟ್ಟುಕೊಂಡ. ಬಂದವರು ಊರನ್ನು ಬೆರಗಿನಿಂದ ನೋಡಿದರು, ಊರವರು ಬಂದವರ ಕೂದಲನ್ನು ಬೆರಗಿನಿಂದ ನೋಡಿದರು. ನಡುವೆ ಶಾಂತಕುಮಾರ ಬೆವರಿದ.

ಲಕ್ಷ್ಮಿಕಾಂತ ನೇರವಾಗಿ ಹೋಗಿ ಬಾಲಮ್ಮನ ಕಾಲು ಮುಟ್ಟಿದ. ಈಗ ಮೊಣಕಾಲು ಹೇಗಿದೆ ಎಂದು ಕೇಳಿದ. ಮುದುಕಿಗೆ ಪಾಠ ನೆನಪಿತ್ತು. ವಾಸಿಯಾದದ್ದನ್ನು ತೋರಿಸಲೆಂದು ಠಣ್ಣನೆ ಎದ್ದಳು. ಅರ್ಧ ಎದ್ದವಳು ಗೋಡೆ ಹಿಡಿದುಕೊಂಡಳು.

“ಯವ್ವಾ... ಇದು ಆ ಕಾಲಲ್ಲಪ್ಪ. ಇದು ಇನ್ನೊಂದು ಕಾಲು.”

ಹಾಗಾದರೆ ಇನ್ನೊಂದು ಡಿಸ್ಕು ಮಾಡಲೇಬೇಕು ಎಂದ ಲಕ್ಷ್ಮಿಕಾಂತ, ಗಂಭೀರವಾಗಿ. ಆಮೇಲೆ ಬೀರಣ್ಣನ ಕಡೆ ತಿರುಗಿ, ನಿಮ್ಮ ಕುರಿಗಳೂ ನಮ್ಮ ಹಾಡು ಕೇಳುತ್ತವೆಂದು ಬರೆದಿದ್ದಿರಲ್ಲ, ಅವಕ್ಕೆ ಯಾವ ಹಾಡು ಹೆಚ್ಚು ಇಷ್ಟ ಎಂದು ಕೇಳಿದ. ಬೀರಣ್ಣ ತಡಮಾಡಲಿಲ್ಲ. ಎಲ್ಲವನ್ನೂ ಕೇಳುತ್ತವೆ, ಅವಕ್ಕೆ ಭೇದಭಾವ ಇಲ್ಲ ಎಂದ. ಹಜರಾಬೀ ಅಡುಗೆ ಮಾಡುವಾಗ ಇವರ ಹಾಡನ್ನೇ ಕೇಳುತ್ತಾಳೆಂದು ಬರೆದಿತ್ತು. ಅವಳು ಮಗನ ಮುಖ ನೋಡಿ, ಕೇಳದೆ ವಿಧಿಯಿಲ್ಲ ಬೇಟಾ, ಇವನು ದಿನಾ ಅದನ್ನೇ ಹಚ್ಚುತ್ತಾನೆ ಎಂದಳು. ಅವಳೊಬ್ಬಳು ನಿಜ ಹೇಳಿದ್ದಳು, ಅದೂ ಹೊಂದಿಕೊಂಡಿತು.

ಕೊನೆಯ ಸರದಿ ಸಾಹುಕಾರರದು. ಲಕ್ಷ್ಮಿಕಾಂತ ಕೈಮುಗಿದು, ನೀವು ಬರೆದದ್ದನ್ನು ನಾವು ಮರೆಯುವುದಿಲ್ಲ ಎಂದ. ಈ ಹಾಡು ಕೇಳಿ ನನ್ನ ಕಾಟಾ ಗುಮಾಸ್ತನ ಪಗಾರ ಹೆಚ್ಚಿಸಬೇಕು ಅನಿಸಿತು ಎಂದು ಬರೆದಿದ್ದಿರಿ, ಸಂಗೀತದಿಂದ ಇದಕ್ಕಿಂತ ಹೆಚ್ಚು ಇನ್ನೇನಾಗಬೇಕು ಎಂದ.

ಸಾಹುಕಾರರು ಶಾಂತಕುಮಾರನ ಕಡೆ ಒಮ್ಮೆ ನೋಡಿದರು. ಆ ನೋಟಕ್ಕೆ ಹತ್ತಿಯ ಅಂಡಿಗೆ ಹೊತ್ತಿಕೊಳ್ಳಬಹುದಿತ್ತು. ಆದರೆ ಊರೆಲ್ಲ ಎದುರಿಗಿತ್ತು, ಮೈಮೇಲೆ ಇಸ್ತ್ರಿಯ ಧೋತರವಿತ್ತು.

“ಹೌದ್ರಿ, ಅನಸಿತ್ತು,” ಎಂದರು ಸಾಹುಕಾರರು. “ಆಮ್ಯಾಲ ಹಾಡು ಮುಗೀತು.”

ಇಷ್ಟು ಪ್ರೀತಿ ಇಟ್ಟ ಊರಿನಲ್ಲಿ ಹಾಡದೆ ಹೋಗುವುದಿಲ್ಲ ಎಂದು ನಾಲ್ವರೂ ವ್ಯಾನಿನಿಂದ ಸಾಮಾನು ಇಳಿಸಿದರು. ಗೋದಾಮಿನ ತಗಡಿನ ಸೂರಿನ ಕೆಳಗೆ, ಹತ್ತಿಯ ಅಂಡಿಗೆಗಳ ಮುಂದೆ ಜಾಗವಾಯಿತು. ನಯೀಮನ ಜನರೇಟರು ಕೆಮ್ಮಿ ಕೆಮ್ಮಿ ಶುರುವಾಯಿತು. ಎಳೆಬಿಸಿಲಿನ ಮೊದಲ ಹಾಡು ಮೆಲ್ಲಗೆ ಬಂತು, ಎರಡನೆಯದು ಇನ್ನೂ ಮೆಲ್ಲಗೆ. ಮೂರನೆಯದಕ್ಕೆ ಕೊಳಲಿನವನು ಜೊತೆಗಿಲ್ಲದ್ದರಿಂದ ಕೊಳಲಿನ ದನಿಯನ್ನು ಒಂದು ಯಂತ್ರದ ಪೆಟ್ಟಿಗೆಯಿಂದ ನುಡಿಸಿದರು. ಜನ ಮರ್ಯಾದೆಯಿಂದ ಕೇಳಿದರು. ಇಬ್ಬರು ಹಮಾಲರು ಅಂಡಿಗೆಗೆ ಒರಗಿ ಮರ್ಯಾದೆಯಿಂದಲೇ ನಿದ್ದೆಹೋದರು. ನಾಯಕಿ ಯಾವಾಗ ಬರುತ್ತಾಳೆಂದು ಯಾರೋ ಕೇಳಿದ್ದು ಶಾಂತಕುಮಾರನ ಕಿವಿಗೆ ಬಿತ್ತು.

ಅವನಿಗೆ ಸಂಕಟವಾಯಿತು. ದೇವರೇ ಊರಿಗೆ ಬಂದು ನಿಂತಿದ್ದಾನೆ, ಊರು ಆಕಳಿಸುತ್ತಿದೆ. ಇವರು ಯಾರೆಂದು ಈ ಜನಕ್ಕೆ ಗೊತ್ತೇ ಇಲ್ಲ. ಜೀವಮಾನದಲ್ಲಿ ಯಾರನ್ನೂ ಏನನ್ನೂ ಕೇಳದವನು ಮುಂದೆ ಹೋಗಿ ಕೈ ಜೋಡಿಸಿದ.

“ಸುಟ್ಟ ಕೋಟೆ ಒಂದು ಹಾಡ್ತೀರೇನ್ರಿ?”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ನಡುವೆ ಏನೋ ಮಾತಿಲ್ಲದೆ ತೀರ್ಮಾನವಾಯಿತು. ಲಕ್ಷ್ಮಿಕಾಂತ ತಲೆಯಾಡಿಸಿ ಕೂದಲು ಹಿಂದಕ್ಕೆ ಎಸೆದ.

ಮೊದಲ ಪೆಟ್ಟಿಗೇ ನಿದ್ದೆ ಹೋದವರು ಎದ್ದು ನಿಂತರು. ಎರಡನೆಯದಕ್ಕೆ ಸೂರಿನ ತಗಡುಗಳು ಒಂದರ ಹಿಂದೊಂದು ಗುನುಗಿದವು. ಆಮೇಲೆ ಲಕ್ಷ್ಮಿಕಾಂತ ಬಾಯಿ ತೆರೆದ. ಆ ದನಿ ಕಿವಿಯಿಂದ ಒಳಗೆ ಬರಲಿಲ್ಲ, ನೆಲದಿಂದ ಅಂಗಾಲಿಗೆ ಹತ್ತಿ ಎದೆಗೂಡಿನಲ್ಲಿ ನಿಂತಿತು. ಅತ್ತಿತ್ತ ನೋಡುತ್ತಿದ್ದ ಜನ ನೋಡುವುದನ್ನು ನಿಲ್ಲಿಸಿದರು. ಕೈಗೂಸುಗಳು ಅಳುವುದನ್ನು ಮರೆತವು. ಕುರಿಗಳು ಹತ್ತಿಕಾಳು ಬಾಯಲ್ಲಿ ಇಟ್ಟುಕೊಂಡೇ ಕಲ್ಲಾದವು.

ಆಗ ಮೇಲಿನಿಂದ ಅದು ಇಳಿಯತೊಡಗಿತು. ಗಿರಣಿ ಕಟ್ಟಿದಾಗಿನಿಂದ ಸೂರಿನ ತೊಲೆಗಳ ಮೇಲೆ ಕೂತು ಯಾರ ಕೈಗೂ ಸಿಗದೆ ಇದ್ದ ಹತ್ತಿಯ ಎಳೆಗಳು, ಗಿಟಾರಿನ ನಡುಕಕ್ಕೆ ಕಳಚಿಕೊಂಡು, ಒಂದು, ಹತ್ತು, ಆಮೇಲೆ ಲೆಕ್ಕವಿಲ್ಲದಷ್ಟು. ಇಡೀ ಗೋದಾಮಿನಲ್ಲಿ ಬಿಳಿಯದು ಮೆಲ್ಲಗೆ ತೇಲುತ್ತ ಸುರಿಯಿತು. ಅಷ್ಟು ದೊಡ್ಡ ಸದ್ದಿನ ನಡುವೆ ಅಷ್ಟು ಮೆಲ್ಲಗೆ. ಹಮಾಲರ ಕರಿ ಹೆಗಲ ಮೇಲೆ, ಸಾಹುಕಾರರ ರುಮಾಲಿನ ಮೇಲೆ, ಲಕ್ಷ್ಮಿಕಾಂತನ ಕೂದಲ ಮೇಲೆ. ಬಾಲಮ್ಮ ಎರಡೂ ಕೈ ಮೇಲೆತ್ತಿ ಅಂಗೈಯಲ್ಲಿ ಅದನ್ನು ಹಿಡಿದಳು. ಗೋಡೆಯ ಆಸರೆ ಬಿಟ್ಟು ನಿಂತಿದ್ದೇನೆಂಬುದು ಅವಳ ಗಮನದಲ್ಲೇ ಇರಲಿಲ್ಲ.

ಹಾಡು ನಿಂತಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಶಾಂತಕುಮಾರನ ಕೆನ್ನೆ ಒದ್ದೆಯಾಗಿತ್ತು, ಅದಕ್ಕೆ ಹತ್ತಿ ಅಂಟಿತ್ತು. ಬೀರಣ್ಣ ಮೊದಲು ಮಾತಾಡಿದ, ಗುಡಿಯೊಳಗೆ ಮಾತಾಡಿದಂತೆ.

“ಇದು ಹಾಡು ನೋಡ್ರಿ.”

ಲಕ್ಷ್ಮಿಕಾಂತ ಟವೆಲಿನಿಂದ ಮುಖ ಒರೆಸಿಕೊಂಡು ಮೈಕಿನ ಹತ್ತಿರ ಬಂದ. ಇದನ್ನು ನಾವು ಹಾಡಿದ್ದು ಇದೇ ಕೊನೆ, ಶಾಂತಕುಮಾರ್ ಕೇಳಿದರೆಂದು ಹಾಡಿದೆವು ಎಂದ. ಕಾರಣವನ್ನೂ ಹೇಳಿದ. ಎಳೆಬಿಸಿಲು ಮಾರಾಟವಾಗದಿದ್ದಾಗ ಅವರು ಹೆದರಿದ್ದರು. ತಪ್ಪು ದಾರಿ ಹಿಡಿದೆವು, ಹಳೆಯ ದಾರಿಗೇ ಹೋಗೋಣವೆಂದು ಸುಟ್ಟ ಕೋಟೆಯ ಥರದ್ದೇ ಪೂರ್ತಿ ಒಂದು ಡಿಸ್ಕು ಹಾಡಿ ಮುಗಿಸಿದ್ದರು. ಇದಕ್ಕಿಂತ ಜೋರು, ಇದಕ್ಕಿಂತ ಕಪ್ಪು. ಬಿಡುಗಡೆ ಮಾಡುವುದಷ್ಟೇ ಬಾಕಿ ಇತ್ತು.

“ಅಷ್ಟರಲ್ಲಿ ನಿಮ್ಮ ಊರಿಂದ ಒಂದಾದ ಮೇಲೊಂದು ಆರ್ಡರ್ ಬರಕ್ಕೆ ಶುರುವಾಯ್ತು,” ಎಂದ ಲಕ್ಷ್ಮಿಕಾಂತ. “ನಮ್ಮನ್ನ ಅರ್ಥ ಮಾಡ್ಕೊಂಡೋರು ಇದ್ದಾರೆ ಅಂತ ಗೊತ್ತಾಯ್ತು. ಹೊಲದಲ್ಲಿ ಡಿಸ್ಕುಗಳನ್ನ ನೋಡಿದ ಮೇಲೆ ಅನುಮಾನವೇ ಉಳೀಲಿಲ್ಲ. ಅಲ್ಲೇ ನಿಂತು ಲ್ಯಾಪ್‌ಟಾಪ್ ತೆಗೆದು ಆ ಡಿಸ್ಕಿನ ಹಾಡುಗಳನ್ನ ಪೂರ್ತಿ ಅಳಿಸಿ ಹಾಕಿದ್ವಿ.”

ಶಾಂತಕುಮಾರ ಎಷ್ಟೋ ವರ್ಷದಿಂದ ಕಾದದ್ದು ಆ ಡಿಸ್ಕಿಗೆ. ಅದು ಆಗಿತ್ತು. ಇವತ್ತು ಬೆಳಿಗ್ಗೆಯವರೆಗೆ ಇತ್ತು. ಅದನ್ನು ಅಳಿಸಿದ್ದು ಅವನದೇ ಬೆರಳು, ಹೆಂಡತಿಯ ಫ್ರಿಜ್ಜಿನ ದುಡ್ಡಿನಿಂದ.

ಬೀರಣ್ಣ ಬಿಡಲಿಲ್ಲ. ಈಗ ಹಾಡಿದ್ದೇ ಛಲೋ ಇತ್ತಲ್ಲ ಎಂದ. ಲಕ್ಷ್ಮಿಕಾಂತ ಮಗುವಿಗೆ ತಿಳಿಹೇಳುವಂತೆ ನಕ್ಕ.

“ಎದುರಿಗೆ ನಿಂತಾಗ ಎಲ್ಲರೂ ಚೆನ್ನಾಗಿದೆ ಅಂತಾರೆ ಯಜಮಾನ್ರೇ. ಮನೇಲಿ ಕೂತು, ಕೈಯಿಂದ ದುಡ್ಡು ಕೊಟ್ಟು ತರಿಸಿದ್ದು ಯಾವುದು? ಅದೇ ನಿಜ.”

ಶಾಂತಕುಮಾರ ಬಾಯಿ ತೆರೆದ. ಎಲ್ಲವೂ ಗಂಟಲಿಗೆ ಬಂದಿತ್ತು. ತರಿಸಿದವನು ನಾನೊಬ್ಬನೇ, ಒಂದನ್ನೂ ಪೂರ್ತಿ ಕೇಳಿಲ್ಲ, ಹೊಲದಲ್ಲಿ ಕಟ್ಟಿದ್ದು ಗುಬ್ಬಿಗೆ. ಪಕ್ಕದಲ್ಲಿ ನಿಂತಿದ್ದ ನಯೀಮ ಅವನ ಅಂಗಿಯ ತುದಿ ಹಿಡಿದು ಜಗ್ಗಿದ.

“ಹೇಳಿದರ ಇವರು ಇವತ್ತೇ ಬ್ಯಾಂಡ್ ಮುಚ್ಚತಾರ, ಶಾಂತಣ್ಣ,” ಎಂದ ಪಿಸುದನಿಯಲ್ಲಿ. ಈ ಸಲ ಅವನ ದನಿಯಲ್ಲಿ ನಗೆ ಇರಲಿಲ್ಲ.

ಹೇಳಿದರೆ ಕಾಳಗಂಟೆ ಹೋಗುತ್ತದೆ, ಹೇಳದಿದ್ದರೆ ಕಾಳಗಂಟೆಯ ಗರ್ಜನೆ ಹೋಗುತ್ತದೆ. ಶಾಂತಕುಮಾರ ನಾಲ್ವರ ಮುಖವನ್ನೂ ನೋಡಿದ. ದೂರದ ದಾರಿ ನಡೆದು ಕೊನೆಗೊಮ್ಮೆ ಮನೆ ಸಿಕ್ಕವರ ಹಾಗೆ ನಿಂತಿದ್ದರು. ಅವನು ಬಾಯಿ ಮುಚ್ಚಿದ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸವಾದರೂ ಅಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ. ಲಕ್ಷ್ಮಿಕಾಂತ ಅವನನ್ನು ಅಪ್ಪಿಕೊಂಡ. ಹಜರಾಬೀ ನಾಲ್ವರಿಗೂ ಚಹಾ ಕೊಟ್ಟು ದುಡ್ಡು ಬೇಡವೆಂದಳು. ವ್ಯಾನು ಸುರಪುರದ ದಾರಿ ಹಿಡಿಯಿತು.

ಧೂಳು ಇಳಿಯುವ ಮೊದಲೇ ಜನ ಶಾಂತಕುಮಾರನನ್ನು ಸುತ್ತುಗಟ್ಟಿದರು. ಹ್ಯಾಂಗಾದರೂ ಮಾಡಿ ಆ ಕೊನೆಯ ಹಾಡು ತರಿಸಿಕೊಡು ಎಂದು ಹಮಾಲರು. ನನ್ನ ಆಟೋದಲ್ಲಿ ಹಚ್ಚಬೇಕು ಎಂದು ಒಬ್ಬ. ಕಾಲೇಜು ಹುಡುಗರು ಜೇಬಿನಿಂದ ದುಡ್ಡು ತೆಗೆದೇ ನಿಂತರು. ಸಾಹುಕಾರರೂ ಗಂಟಲು ಸರಿಮಾಡಿಕೊಂಡು, ಇರಲಿ, ತಮಗೂ ಒಂದು ಎಂದರು. ಖರೇ ಗಿರಾಕಿಗಳು, ದುಡ್ಡು ಕೈಯಲ್ಲಿ ಹಿಡಿದ ಗಿರಾಕಿಗಳು, ಅಂಗಳದ ತುಂಬ. ಶಾಂತಕುಮಾರನಿಗೆ ಆಸೆ ಚಿಗುರಿತು. ಇನ್ನೂ ತಡವಾಗಿಲ್ಲ. ಫೋನು ಹಚ್ಚಿದ. ಸುಟ್ಟ ಕೋಟೆಯ ಡಿಸ್ಕು ಬೇಕು, ಎಷ್ಟಿದ್ದರೂ ಬೇಕು ಎಂದ. ಆ ಕಡೆ ಲಕ್ಷ್ಮಿಕಾಂತನಿಗೆ ನಗು ಬಂತು. ಅದು ಮುಗಿದು ಎಷ್ಟೋ ವರ್ಷವಾಯಿತು, ಇನ್ನು ಮಾಡಿಸುವುದೂ ಇಲ್ಲ, ನೀವು ನಮ್ಮ ಮನಸ್ಸು ಪರೀಕ್ಷೆ ಮಾಡುತ್ತಿದ್ದೀರಿ ಎಂದ. ಆಮೇಲೆ ಈ ಕಡೆಯ ಸದ್ದಿಗೆ ಕಿವಿಗೊಟ್ಟ.

“ಹಿಂದೆ ಅಷ್ಟು ಗದ್ದಲ ಕೇಳ್ತಿದೆಯಲ್ಲ. ಏನಂತಿದ್ದಾರೆ ಅವರೆಲ್ಲ?”

ಸುಟ್ಟ ಕೋಟೆಯೇ ಬೇಕೆಂದು ಅಂಗಳದ ಜನ ಒಂದೇ ದನಿಯಲ್ಲಿ ಕೂಗುತ್ತಿದ್ದರು. ವ್ಯಾನಿನಲ್ಲಿ ನಾಲ್ವರೂ ಉಸಿರು ಹಿಡಿದು ಕೇಳುತ್ತಿರುವುದು ಶಾಂತಕುಮಾರನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಜನರ ಕೂಗು ಆ ಕಡೆ ಕೇಳದಂತೆ ಅವನು ಫೋನಿಗೆ ಅಂಗೈ ಅಡ್ಡ ಹಿಡಿದ.

“ಎಳೆಬಿಸಿಲು ಇನ್ನೂ ಬೇಕಂತ್ರಿ,” ಎಂದ.

ಆ ಕಡೆ ಹೋ ಎಂದು ನಾಲ್ಕೂ ದನಿಗಳು ಎದ್ದವು. ಯಾರೋ ವ್ಯಾನಿನ ಬಾಗಿಲನ್ನೇ ಡ್ರಮ್ಮು ಮಾಡಿಕೊಂಡು ಬಾರಿಸಿದರು. ಮನೆಯಲ್ಲಿ ಉಳಿದಿರುವ ಪೆಟ್ಟಿಗೆಗಳನ್ನೆಲ್ಲ ನಾಳೆಯೇ ಶಹಾಪುರಕ್ಕೆ ಹಾಕಿಸುತ್ತೇನೆ ಎಂದ ಲಕ್ಷ್ಮಿಕಾಂತ. ಪೆಟ್ಟಿಗೆಯ ಮೇಲೆ ಈ ಸಲ ಯಾರ ಹೆಸರು ಬರೆಯಲಿ ಎಂದು ಕೇಳಿದ.

ಶಾಂತಕುಮಾರ ಬಾಲಮ್ಮನನ್ನು ನೋಡಿದ, ಬೀರಣ್ಣನನ್ನು ನೋಡಿದ, ಧೋತರದ ಮೇಲಿನ ಹತ್ತಿ ಕೊಡವಿಕೊಳ್ಳುತ್ತ ತನ್ನ ಕಡೆಗೇ ಬರುತ್ತಿದ್ದ ಸಾಹುಕಾರರನ್ನು ನೋಡಿದ.

“ನನ್ನ ಹೆಸರಿಗೇ ಕಳಸ್ರಿ,” ಎಂದ.